ಹೊಲ ನಮ್ಮದು, ಎನ್.ಎ. ಲಾಭ ಯಾರಿಗೆ?



ನಿನ್ನೆ ತೊಗರಿ ಹೊಲದಾಗ ಎಡೆ ಹೊಡೆಯುವಾಗ ರಸ್ತೆ ಬಾಜೂದ ಹೊಲ ಕಣ್ಣಿಗೆ ಬಿತ್ತು. ಕಲ್ಲು ನೆಟ್ಟು ಪ್ಲಾಟ್ ಮಾಡ್ಯಾರ. ಮೂರು ವರ್ಷದ ಹಿಂದ ನಮ್ಮೂರಿನ ರೈತ ಅದನ್ನ ಎಕರೆ ಲೆಕ್ಕದಾಗ ಮಾರಿದ್ದ. ಈಗ ಚದರಡಿ ಲೆಕ್ಕದಾಗ ಮಾರಾಟಕ್ಕದ. ಮಣ್ಣು ಅದೇ. ಬದಲಾಗಿದ್ದು ಒಂದು ಎನ್.ಎ. ಕಾಗದ.

1964ರ ಭೂ ಕಂದಾಯ ಕಾಯ್ದೆ 95ನೇ ಕಲಂ ಪ್ರಕಾರ ನಮ್ಮ ಹೊಲದಾಗ ಬಾವಿ ತೋಡಬಹುದು, ಒಕ್ಕಲುತನಕ್ಕ ಬೇಕಾದ ಕಟ್ಟಡ ಕಟ್ಟಬಹುದು. ಬೇರೆ ಕೆಲಸಕ್ಕ ಬಳಸಬೇಕಾದ್ರ ಜಿಲ್ಲಾಧಿಕಾರಿ ಅನುಮತಿ ಬೇಕು. ಇದಕ್ಕೂ ಮೊದಲಿನ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಊರಿನ ಸುತ್ತ ಮಾಸ್ಟರ್ ಪ್ಲಾನ್ ಮಾಡಿ, ಇದು ವಸತಿ, ಇದು ಕೃಷಿ ಅಂತ ನಕ್ಷೆಗೆ ಬಣ್ಣ ಹಚ್ತಾರ.

ಕಾಯ್ದೆ ಬ್ಯಾಡ ಅನ್ನೋದಿಲ್ಲ ನಾ. ಅದಿಲ್ಲಂದ್ರ ನಮ್ಮ ಎರಿ ಹೊಲ ಯಾವಾಗೋ ಸಿಮೆಂಟ್ ಆಗ್ತಿತ್ತು. ನನ್ನ ಸಿಟ್ಟು ಬೇರೆ.

ಮೊದಲು ಎರಡು ಬಾಗಿಲು ಇದ್ವು. ಒಂದು, ಭೂ ಸುಧಾರಣಾ ಕಾಯ್ದೆಯ 79-ಎ, 79-ಬಿ: ರೈತರಲ್ಲದವರು, ಹೊರಗಿನ ಆದಾಯ ಜಾಸ್ತಿ ಇದ್ದವರು ಹೊಲ ಕೊಳ್ಳಂಗಿರಲಿಲ್ಲ. 2020ರಾಗ ಅದನ್ನ ಕಿತ್ತು ಹಾಕಿದ್ರು. ಎರಡನೇದು ಎನ್.ಎ. ಬಾಗಿಲು. ಅದು ಹಂಗೇ ಅದ. ರೊಕ್ಕ ಇದ್ದವರು ಒಳಗ ಬಂದ್ರು, ನಾವು ಹೊಸ್ತಿಲದಾಗೇ ನಿಂತೀವಿ.

"ನೀವೂ ಮಾಡಿಸ್ರಿ" ಅಂತಾರ. ಸಣ್ಣ ದಾಲ್ ಮಿಲ್‌ಗೆ ಅರ್ಧ ಎಕರೆ ಎನ್.ಎ. ಮಾಡಿಸ್ಲಿಕ್ಕ ನಾನೂ ಹೋಗಿದ್ದೆ. ಸರ್ವೆ ನಕ್ಷೆ, ಶುಲ್ಕ, ಇನ್ನೊಂದು ಕಾಗದ. ಬಿತ್ತಿಗಿ ಹತ್ತಿರ ಬಂತು, ಬಿಟ್ಟೆ. ಕಾಯೋ ತಾಕತ್ತು ದೊಡ್ಡವರಿಗದ, ಸಾಲಗಾರ ರೈತನಿಗಿಲ್ಲ. ಅದಕ್ಕೇ ಬೆಲಿ ಏರೋ ಹೊತ್ತಿಗೆ ಪಹಣಿಯಾಗ ನಮ್ಮ ಹೆಸರಿರೋದಿಲ್ಲ.

1978ರಾಗ ಆಸ್ತಿ ಹಕ್ಕು ಮೂಲಭೂತ ಹಕ್ಕಿನ ಪಟ್ಟಿಯಿಂದ ಹೋತು. ಆದ್ರ 300-ಎ ಉಳಿದದ. ಕಾನೂನಿಲ್ಲದೆ ಯಾರೂ ಹೊಲ ಕಸಿಯಂಗಿಲ್ಲ. ಪ್ಲಾನ್‌ದಾಗ ನಿಮ್ಮ ಸರ್ವೆ ನಂಬರಿಗೆ ಪಾರ್ಕು, ರಸ್ತೆ ಅಂತ ಗುರುತು ಹಾಕಿದ್ರ 69ನೇ ಕಲಂ ನೋಡ್ರಿ. ಪ್ಲಾನ್ ಗೆಜೆಟ್‌ದಾಗ ಬಂದು 5 ವರ್ಷದಾಗ ಒಪ್ಪಂದದಿಂದ ತಗೊಂಡಿಲ್ಲ, ಸ್ವಾಧೀನ ಶುರು ಮಾಡಿಲ್ಲಂದ್ರ ಆ ಗುರುತು ತಾನಾಗೇ ಬಿದ್ದು ಹೋಗ್ತದ.

ಕರಡು ಪ್ಲಾನ್ ಹೊರಬಿದ್ದಾಗ ಊರೆಲ್ಲಾ ಕೂಡಿ ಹೋಗಿ ನೋಡ್ರಿ, ಆಕ್ಷೇಪಣೆ ಬರೆದು ಕೊಟ್ಟು ಸ್ವೀಕೃತಿ ತಗೋರಿ. ಸಣ್ಣ ರೈತನ ಸಣ್ಣ ಉದ್ಯೋಗಕ್ಕ ಎನ್.ಎ. ಸಲೀಸು ಮಾಡ್ರಿ ಅಂತ ಕೇಳ್ರಿ. ನಿಮ್ಮ ಹೊಲದ ಬಣ್ಣ ಯಾವುದಂತ ನೋಡದೇ ಖರೀದಿ ಪತ್ರಕ್ಕ ಸಹಿ ಹಾಕಬ್ಯಾಡ್ರಿ.