ಕೂಲಿಯ ಮಾತು, ಮಾಲೀಕನ ಗಲ್ಲಾ

ಸಿನಿಮಾದವರ ಮೇಲೆ ಸಂಪಾದಕೀಯ ಬರೆಯುವಷ್ಟು ಬಿಡುವಾಯಿತೇ ಎಂದು ನಮ್ಮ ಮಿತ್ರರಲ್ಲಿ ಕೆಲವರು ಕೇಳಿಯಾರು. ಗಿರಣಿಯ ಪಾಳಿ ಮುಗಿಸಿದವನು, ಅಂಗಡಿಯ ಬಾಗಿಲು ಹಾಕಿ ಬಂದವನು, ಇಬ್ಬರೂ ಒಂದೇ ಬೆಂಚಿನ ಮೇಲೆ ಮೂರು ತಾಸು ಕೂಡುವ ಜಾಗ ಚಿತ್ರಮಂದಿರ. ಅಲ್ಲಿ ಅವರ ಕಿವಿಗೆ ಏನು ಬೀಳುತ್ತದೆ, ಅದನ್ನು ಬರೆದವರು ಯಾರು, ಬರೆದವರಿಗೆ ಏನು ದಕ್ಕಿತು ಎಂಬುದು ಬಿಡುವಿನ ಮಾತಲ್ಲ. ಆದುದರಿಂದ ಈ ವಾರ ನಾವು ಕಾದರ್ ಖಾನರ ವಿಷಯ ಎತ್ತಿಕೊಂಡಿದ್ದೇವೆ.

1937ರಲ್ಲಿ ಕಾಬೂಲಿನಲ್ಲಿ ಹುಟ್ಟಿದ ಈ ಹುಡುಗ ಬೆಳೆದದ್ದು ಮುಂಬಯಿಯ ಕಾಮಾಠಿಪುರದ ಕೊಳಚೆಯಲ್ಲಿ. ಹೊಟ್ಟೆಪಾಡಿಗೆಂದು ಕಾರ್ಖಾನೆಯ ದಿನಗೂಲಿಗೆ ಹೊರಟವನನ್ನು ತಾಯಿ ತಡೆದರು. ನೀನು ತರುವ ಎರಡು ಮೂರು ರೂಪಾಯಿಯಿಂದ ಈ ಬಡತನ ಹೋಗದು, ಓದು ಎಂದರು. ಇದನ್ನು ಅವರೇ ಮುಂದೆ ನೆನೆದು ಹೇಳಿದ್ದಾರೆ. ಆ ತಾಯಿಯ ಮಾತು ಸರಿ. ಆದರೆ ಆ ಎರಡು ರೂಪಾಯಿ ಬಿಟ್ಟರೆ ಒಲೆಯೇ ಹೊತ್ತದ ಮನೆಗಳೂ ಅದೇ ಕೇರಿಯಲ್ಲಿದ್ದವು. ಆ ಮನೆಯ ಮಕ್ಕಳ ಕಥೆ ಸಿನಿಮಾ ಪತ್ರಿಕೆಗಳಲ್ಲಿ ಬರುವುದಿಲ್ಲ. ಹುಡುಗನಿಗೆ ಸ್ಮಶಾನದಲ್ಲಿ ಒಬ್ಬನೇ ಕುಳಿತು, ಹಗಲೆಲ್ಲ ಕೇಳಿದ ಜನರ ಮಾತನ್ನು ಅವರಂತೆಯೇ ಗಟ್ಟಿಯಾಗಿ ಆಡಿ ನೋಡುವ ಚಟವಿತ್ತಂತೆ. ಸಾಹಿತ್ಯದ ಪಾಠ ಅಲ್ಲಿಂದಲೇ ಮೊದಲಾಯಿತೆಂದು ನಮ್ಮ ಎಣಿಕೆ. 1978ರ 'ಮುಕದ್ದರ್ ಕಾ ಸಿಕಂದರ್' ಚಿತ್ರದಲ್ಲಿ ತಾಯಿಯ ಗೋರಿಯ ಬಳಿ ಅಳುವ ಹುಡುಗನಿಗೆ ಬುದ್ಧಿ ಹೇಳುವ ಫಕೀರನ ಪಾತ್ರವನ್ನು ಮಾಡಿದವರು ಕಾದರ್ ಖಾನರೇ, ಸಂಭಾಷಣೆಯೂ ಅವರದೇ.

ಓದಿ ಅವರು ಮೇಷ್ಟ್ರಾದರು. ಗಿರಣಿ ಪ್ರದೇಶಕ್ಕೆ ಅಂಟಿಕೊಂಡಿರುವ ಭಾಯಖಳಾದ ಸಾಬೂ ಸಿದ್ದೀಕ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಪಾಠ ಹೇಳುತ್ತ, ಉಳಿದ ಹೊತ್ತಿನಲ್ಲಿ ನಾಟಕ ಬರೆದು ಆಡಿದರು. ನಾಟಕ ಕಂಡ ದಿಲೀಪ್ ಕುಮಾರರು ಕರೆದು 'ಸಗೀನಾ'ದಲ್ಲಿ ಪಾತ್ರ ಕೊಟ್ಟರು. ಅದೂ ಕಾರ್ಮಿಕ ಮುಖಂಡನೊಬ್ಬನ ಕಥೆ. 1972ರ 'ಜವಾನಿ ದಿವಾನಿ'ಗೆ ಸಂಭಾಷಣೆ, 1973ರ 'ದಾಗ್'ನಲ್ಲಿ ವಕೀಲನ ವೇಷ, 1974ರ 'ರೋಟಿ'. ಪಾಠ ಹೇಳಿ ಅಭ್ಯಾಸವಿದ್ದವರಿಗೆ ಗೊತ್ತು, ಹಿಂದಿನ ಬೆಂಚಿನವನಿಗೆ ತಿಳಿಯದ ಮಾತು ಮಾತೇ ಅಲ್ಲ. ನಿರ್ದೇಶಕ ಮನಮೋಹನ ದೇಸಾಯಿಯವರಿಗೂ ಬೇಕಾದದ್ದು ಅದೇ. ಭಾರಿ ಉರ್ದು ಬೇಡ, ಜನ ಚಪ್ಪಾಳೆ ತಟ್ಟುವ ಮಾತು ತನ್ನಿ ಎಂದರು. 1977ರ 'ಅಮರ್ ಅಕ್ಬರ್ ಅಂತೋನಿ'ಯಲ್ಲಿ ಅಂತೋನಿಯ ಬಾಯಲ್ಲಿ ಬಂದದ್ದು ಮುಂಬಯಿಯ ಗಲ್ಲಿಯ ಹಿಂದಿ, ಪಂಡಿತರ ಹಿಂದಿಯಲ್ಲ. ದೇಸಾಯಿ ಒಂದು ಕಡೆ, ಅವರಿಗೆ ಎದುರಾಳಿ ಪ್ರಕಾಶ್ ಮೆಹ್ರಾ ಇನ್ನೊಂದು ಕಡೆ; ಎರಡು ಪಾಳೆಯಕ್ಕೂ ಈ ಮೇಷ್ಟ್ರ ಲೇಖನಿಯೇ ಬೇಕಾಯಿತು. ಇನ್ನೂರಕ್ಕೂ ಹೆಚ್ಚು ಚಿತ್ರಗಳಿಗೆ ಅವರು ಬರೆದರು, ಮುನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು.

ನಮ್ಮ ನಾಡಿಗೂ ಅವರಿಗೂ ಎರಡು ನಂಟುಗಳಿವೆ. ಎಚ್.ಕೆ. ಅನಂತರಾವ್ ಅವರ ಕಾದಂಬರಿಯನ್ನು ಆಧರಿಸಿ ರಾಜೇಂದ್ರಸಿಂಗ್ ಬಾಬು 1981ರಲ್ಲಿ ತೆಗೆದ 'ಅಂತ', ಅಂಬರೀಷ್ ನಟಿಸಿದ ಆ ಚಿತ್ರ, ದೊಡ್ಡವರ ಭ್ರಷ್ಟಾಚಾರವನ್ನು ಬಯಲಿಗೆಳೆದು ಗದ್ದಲಕ್ಕೂ ಗುರಿಯಾಯಿತು. ಅದನ್ನೇ ಬಾಬು ಅವರು ಹಿಂದಿಗೆ 'ಮೇರಿ ಆವಾಜ್ ಸುನೋ' ಎಂದು ಒಯ್ದಾಗ ಮಾತು ಬರೆದವರು ಕಾದರ್ ಖಾನ್. ಅದಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿಯೂ ಬಂತು. ಕನ್ನಡದ ಸಿಟ್ಟು ಹಿಂದಿಯವರನ್ನು ಮುಟ್ಟಿದ್ದು ಹೀಗೆ.

ಎರಡನೆಯದು 'ಕೂಲಿ'. 1982ರ ಜುಲೈ 26ರಂದು ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ ಈ ಚಿತ್ರದ ಹೊಡೆದಾಟ ತೆಗೆಯುವಾಗ ಅಮಿತಾಭ್ ಬಚ್ಚನ್ ಹೊಟ್ಟೆಗೆ ಪೆಟ್ಟು ಬಿದ್ದು ಸಾವಿನ ದವಡೆಗೆ ಹೋಗಿ ಬಂದರು. ದೇಶವೇ ಆಸ್ಪತ್ರೆಯ ಬಾಗಿಲು ಕಾಯಿತು. ಅದು ಸಹಜ, ನಾವು ಅಲ್ಲಗಳೆಯುವುದಿಲ್ಲ. ಆದರೆ ಅದೇ ಹೊತ್ತಿನಲ್ಲಿ ಮುಂಬಯಿಯಲ್ಲಿ ಏನು ನಡೆದಿತ್ತು? ಆ ವರ್ಷದ ಜನವರಿ 18ರಿಂದ, ದತ್ತಾ ಸಾಮಂತರ ಮುಂದಾಳುತನದಲ್ಲಿ, ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರದಲ್ಲಿದ್ದರು. ಅವರ ಬಾಗಿಲು ಕಾದವರು ಎಷ್ಟು ಮಂದಿ? 1983ರಲ್ಲಿ ಚಿತ್ರ ಬಂದಾಗ ತೆರೆಯ ಮೇಲೆ ರೈಲ್ವೆ ಕೂಲಿಗಳು ಮುಷ್ಕರ ಹೂಡಿದರು, ಗುಂಡು ತಿಂದ ನಾಯಕ ಬದುಕಿದ, ಚಿತ್ರಮಂದಿರ ಶಿಳ್ಳೆಯಿಂದ ತುಂಬಿತು. ಹೊರಗೆ ಗಿರಣಿಯ ಮುಷ್ಕರ ಸೋತಿತ್ತು. ಸಾವಿರ ಸಾವಿರ ಮಂದಿಗೆ ಕೆಲಸ ಮತ್ತೆ ಸಿಗಲೇ ಇಲ್ಲ. ಕೂಲಿಗೆ ಮಾತು ಬರೆದವರೂ, ಆ ಕೂಲಿಯ ಮನೆ ಮುರಿಯುವ ಧನಿಕ ಜಫರನ ವೇಷ ಕಟ್ಟಿದವರೂ ಒಬ್ಬರೇ, ಕಾದರ್ ಖಾನ್. ಈ ಒಂದು ಸಂಗತಿಯಲ್ಲಿ ಆ ಉದ್ಯಮದ ಒಳಗುಟ್ಟೆಲ್ಲ ಇದೆ. ಬಡವನ ಸಿಟ್ಟಿಗೆ ಅಲ್ಲಿ ಟಿಕೀಟು ಉಂಟು. ಆ ಸಿಟ್ಟು ಬಾಗಿಲು ದಾಟಿ ಬೀದಿಗೆ ಬಂದರೆ ಯಾರಿಗೂ ಬೇಡ. ಹಾಗೆಂದು ಬರೆದವರನ್ನು ನಾವು ದೂರುವುದಿಲ್ಲ. ಕಾಮಾಠಿಪುರದ ಮಾತನ್ನು ದೇಶದ ಬಾಯಿಗೆ ಹಾಕಿದ್ದೇ ಸಣ್ಣ ಕೆಲಸವಲ್ಲ.

ದೂರುವುದು ಆಮೇಲಿನದನ್ನು. 1983ರ 'ಹಿಮ್ಮತ್‌ವಾಲಾ'ದಲ್ಲಿ ಅವರು ಮುನೀಮ ನಾರಾಯಣದಾಸನಾದರು. ಅಲ್ಲಿಂದ ಮುಂದೆ ಕುತಂತ್ರಿ ಗುಮಾಸ್ತ, ಜಿಪುಣ ಸೇಠ್, ಹೆಣ್ಣುಮಕ್ಕಳ ಮುಂದೆ ಆಡಬಾರದ ಎರಡರ್ಥದ ಮಾತು, ಚಿತ್ರದಿಂದ ಚಿತ್ರಕ್ಕೆ ಅದೇ ಸಂತೆ. ಲೆಕ್ಕ ಬರೆಯುವವನೆಂದರೆ ಕಳ್ಳ ಎಂದು ನಗುವಾಗ, ನಮ್ಮ ಪೇಟೆಯಲ್ಲಿ ರಾತ್ರಿ ಹತ್ತರವರೆಗೆ ದೀಪದ ಕೆಳಗೆ ಖಾತೆ ಕೂಡಿಸುವ ಬಡ ಗುಮಾಸ್ತರು ನಮ್ಮ ಕಣ್ಣಮುಂದೆ ಬರುತ್ತಾರೆ. 1990ರ 'ಬಾಪ್ ನಂಬರಿ ಬೇಟಾ ದಸ್ ನಂಬರಿ'ಗೆ ಹಾಸ್ಯನಟನ ಪ್ರಶಸ್ತಿ ಬಂತು. ನಗಿಸಿದ್ದು ನಿಜ, ನಾವೂ ನಕ್ಕಿದ್ದೇವೆ. ಆದರೂ ಆ ಲೇಖನಿಗೆ ಅದಕ್ಕಿಂತ ಮೇಲಿನ ಕೆಲಸ ಗೊತ್ತಿತ್ತು ಎಂಬ ಕಾರಣಕ್ಕೇ ನಮಗೆ ಹೊಟ್ಟೆಯುರಿ.

2018ರ ಡಿಸೆಂಬರ್ 31ರಂದು ದೂರದ ಕೆನಡಾದಲ್ಲಿ ಅವರು ತೀರಿಕೊಂಡರು. ಸರ್ಕಾರ ಪದ್ಮಶ್ರೀ ಪ್ರಕಟಿಸಿದ್ದು 2019ರ ಜನವರಿಯಲ್ಲಿ. ನಾಲ್ಕು ದಶಕ ಅವರ ಮಾತು ಕೇಳಿದ ದಿಲ್ಲಿಗೆ ಅವರು ಉಸಿರು ಬಿಟ್ಟ ಮೇಲೆ ನೆನಪಾಯಿತು. ಪದಕದ ಮಾತು ಹಾಗಿರಲಿ. ಚಿತ್ರಕ್ಕೆ ಬರೆದವರಿಗೆ ಅವರ ಬರಹ ಬೇರೆ ರೂಪದಲ್ಲಿ ಮಾರಾಟವಾದಾಗಲೂ ರಾಯಧನದ ಪಾಲು ಸಲ್ಲಬೇಕು, ಆ ಹಕ್ಕನ್ನು ಬರೆಸಿಕೊಂಡು ಕಿತ್ತುಕೊಳ್ಳುವಂತಿಲ್ಲ ಎಂದು 2012ರಲ್ಲಿ ಕೃತಿಸ್ವಾಮ್ಯದ ಕಾನೂನನ್ನು ತಿದ್ದಲಾಯಿತು. ಕಾರ್ಖಾನೆ ಕಾನೂನು ಕಂಡ ನಮ್ಮ ಓದುಗರಿಗೆ ಕಾಗದದ ಹಕ್ಕಿಗೂ ಕೈಗೆ ಬರುವ ಹಣಕ್ಕೂ ಇರುವ ದೂರ ಗೊತ್ತು. ಆ ಪಾಲನ್ನು ವಸೂಲು ಮಾಡುವುದಕ್ಕೆ ಬರಹಗಾರರಿಗೂ ಸಂಘವೇ ಬೇಕು. ನಮ್ಮ ಊರಿನ ಚಿತ್ರಮಂದಿರದವರಿಗೆ ನಮ್ಮದೊಂದು ಸಣ್ಣ ಬೇಡಿಕೆ: ಮುಂದಿನ ಚಿತ್ರದ ಭಿತ್ತಿಪತ್ರ ಅಂಟಿಸುವಾಗ ಮಾತು ಬರೆದವರ ಹೆಸರನ್ನೂ ಬರೆಸಲಿ, ರಸ್ತೆಯ ಆಚೆ ಬದಿಯಿಂದ ಓದಲು ಬರುವಷ್ಟು ದೊಡ್ಡದಾಗಿ.