ಆತ್ಮನೆಂಬ ನಾಯಿ

ಒಂಟಿಯಾಗಿ ಬಾಳುವವರು ನಾಯಿಯನ್ನು ಸಾಕಿದರೆ ಲೋಕವು ಅದಕ್ಕೊಂದು ಸಿದ್ಧವಾದ ವ್ಯಾಖ್ಯಾನವನ್ನು ಇಟ್ಟುಕೊಂಡಿರುತ್ತದೆ. ಹೆಂಡತಿಯಿಲ್ಲ, ಮಕ್ಕಳಿಲ್ಲ, ಪಾಪ, ಆ ಕೊರತೆಯನ್ನು ನಾಯಿಯಿಂದ ತುಂಬಿಕೊಳ್ಳುತ್ತಿದ್ದಾರೆ ಎನ್ನುತ್ತದೆ. ಸಂಸಾರಿಗಳ ಮನೆಯಲ್ಲಿದ್ದರೆ ನಾಯಿ ನಾಯಿಯೇ. ಒಂಟಿಗರ ಮನೆಯಲ್ಲಿದ್ದರೆ ಮಾತ್ರ ಅದು ಇನ್ನಾರದೋ ಬದಲಿ! ಈ ಮಾತಿನಲ್ಲಿ ಕನಿಕರವಿದೆ, ನಿಜ. ಕನಿಕರದ ಸೆರಗಿನಲ್ಲಿ ಒಂದಿಷ್ಟು ತಾತ್ಸಾರವೂ ಅಡಗಿದೆ. ಆ ಒಂಟಿ ಜೀವವು ತನ್ನ ನಾಯಿ ಸತ್ತಾಗ ಕಣ್ಣೀರಿಟ್ಟರೆ, “ನಾಯಿ ತಾನೆ? ಇನ್ನೊಂದನ್ನು ತಂದುಕೊಂಡರಾಯಿತು” ಎಂದು ಸಮಾಧಾನ ಹೇಳುವವರಿಗೂ ಕೊರತೆಯಿಲ್ಲ.

ಈ ಸಮಾಧಾನದ ಬೆಲೆಯೆಷ್ಟೆಂಬುದನ್ನು ತೂಗಿ ನೋಡಲು ಜರ್ಮನಿಯ ತತ್ತ್ವಜ್ಞಾನಿ ಆರ್ಥರ್ ಷೋಪೆನ್‌ಹಾವರನ ಬಾಳು ತಕ್ಕ ನಿದರ್ಶನ. ಏಕೆಂದರೆ ಒಂದು ನಾಯಿ ಸತ್ತರೆ ಇನ್ನೊಂದನ್ನು ತರುವುದನ್ನು ಅವನು ಜೀವಮಾನವೆಲ್ಲ ಮಾಡಿದ. ಅಷ್ಟೇ ಅಲ್ಲ, ಬಂದ ಪ್ರತಿಯೊಂದಕ್ಕೂ ಹೋದದ್ದರ ಹೆಸರನ್ನೇ ಇಟ್ಟ.

ಷೋಪೆನ್‌ಹಾವರ್ ಹುಟ್ಟಿದ್ದು 1788ರಲ್ಲಿ. ವರ್ತಕನಾಗಿದ್ದ ತಂದೆ, ಮಗನಿಗೆ 17 ವರುಷವಾಗಿದ್ದಾಗ ತೀರಿಕೊಂಡ. ತಾಯಿ ಯೊಹಾನಾ ಹೆಸರಾಂತ ಲೇಖಕಿ. ತಾಯಿಗೂ ಮಗನಿಗೂ 1814ರಲ್ಲಿ ಮುರಿದ ಸಂಬಂಧ ಮತ್ತೆ ಕೂಡಲಿಲ್ಲ; 1838ರಲ್ಲಿ ಅವಳು ಕಣ್ಣು ಮುಚ್ಚುವವರೆಗೂ ಇಬ್ಬರೂ ಪರಸ್ಪರ ಮುಖ ನೋಡಲಿಲ್ಲ. ಅವನು ಮದುವೆಯಾಗಲಿಲ್ಲ. 1820ರಲ್ಲಿ ಬರ್ಲಿನ್ ವಿಶ್ವವಿದ್ಯಾನಿಲಯದಲ್ಲಿ, ಹೆಸರುವಾಸಿಯಾಗಿದ್ದ ಹೆಗೆಲ್ ಪಾಠ ಹೇಳುವ ವೇಳೆಯಲ್ಲಿಯೇ ತನ್ನ ಉಪನ್ಯಾಸವನ್ನೂ ಏರ್ಪಡಿಸಿಕೊಂಡು, ಕೇಳುವವರಿಲ್ಲದೆ ಕೈಬಿಟ್ಟ. 1833ರಿಂದ ಫ್ರಾಂಕ್‌ಫರ್ಟ್ ನಗರದಲ್ಲಿ ನೆಲೆ ನಿಂತು, 1860ರಲ್ಲಿ ಸಾಯುವವರೆಗೂ ಅಲ್ಲಿಯೇ ಒಂಟಿಯಾಗಿ ಬಾಳಿದ. ಮನೆಯಲ್ಲಿ ಅವನ ಒಡನಾಡಿಯಾಗಿದ್ದದ್ದು ಪೂಡಲ್ ಜಾತಿಯ ಒಂದು ಗುಂಗುರು ಕೂದಲಿನ ನಾಯಿ.

ಅದರ ಹೆಸರನ್ನು ಕೇಳಿದರೆ ನಮ್ಮವರು ಬೆರಗಾದಾರು. ಆ ನಾಯಿಯ ಹೆಸರು ಆತ್ಮ! ಯೂರೋಪಿನ ನಾಯಿಗೆ ಈ ಹೆಸರು ಬಂದ ದಾರಿ ಬಲು ದೀರ್ಘವಾದದ್ದು. ಮೊಗಲ್ ರಾಜಕುಮಾರ ದಾರಾ ಶಿಕೋಹ್ 1657ರಲ್ಲಿ ಉಪನಿಷತ್ತುಗಳನ್ನು ಪಾರಸಿ ಭಾಷೆಗೆ ತರಿಸಿದ. ಅದನ್ನು ಆಂಕೆಟಿಲ್ ದ್ಯುಪೆರಾನ್ ಎಂಬ ಫ್ರೆಂಚ್ ಪಂಡಿತ ಲ್ಯಾಟಿನ್ನಿಗೆ ಪರಿವರ್ತಿಸಿ, 1801-02ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದ. 1814ರಲ್ಲಿ ಆ ಗ್ರಂಥ ತರುಣ ಷೋಪೆನ್‌ಹಾವರನ ಕೈಗೆ ಬಿತ್ತು. ಬಿದ್ದದ್ದು ಕೈಬಿಟ್ಟು ಹೋಗಲಿಲ್ಲ. ತನ್ನ ಬದುಕಿಗೆ ಸಾಂತ್ವನ ನೀಡಿದ ಈ ಗ್ರಂಥವೇ ತನ್ನ ಸಾವಿಗೂ ಸಾಂತ್ವನವಾಗುವುದೆಂದು ಅವನು ಬರೆದಿಟ್ಟ. ಮನುಷ್ಯನಲ್ಲಿಯೂ ಮೃಗದಲ್ಲಿಯೂ ಇರುವ ಮೂಲಸತ್ತ್ವ ಒಂದೇ, ಅಳಿಯುವುದು ರೂಪವೇ ಹೊರತು ಸತ್ತ್ವವಲ್ಲ ಎಂದು ನಂಬಿದವನಿಗೆ ಮನೆಯ ನಾಯಿಯನ್ನು ಆತ್ಮನೆಂದು ಕರೆಯುವುದು ವಿನೋದವೂ ಆಗಿತ್ತು, ಸಿದ್ಧಾಂತವೂ ಆಗಿತ್ತು.

ಮನುಷ್ಯರೊಡನೆ ಅವನು ಸುಲಭದವನಲ್ಲ. ತನ್ನ ಬಾಗಿಲ ಬಳಿ ಗದ್ದಲ ಮಾಡಿದಳೆಂದು ನೆರೆಯ ಹೆಂಗಸೊಬ್ಬಳನ್ನು ತಳ್ಳಿ, ನ್ಯಾಯಾಲಯದ ತೀರ್ಪಿನಂತೆ ಅವಳು ಬದುಕಿರುವವರೆಗೂ ವರುಷ ವರುಷವೂ ಹಣ ತೆತ್ತವನು. ನಾಯಿ ತಪ್ಪು ಮಾಡಿದಾಗ ಅವನು ಅದನ್ನು “ಎಲೋ ಮನುಷ್ಯ!” ಎಂದು ಬೈಯುತ್ತಿದ್ದನಂತೆ, ಅದಕ್ಕಿಂತ ಹೀನವಾದ ಬೈಗುಳ ಅವನಿಗೆ ತೋರಲಿಲ್ಲ. ಇಂಥವನಿಗೆ ನಾಯಿಯು ಜನರಿಂದ ದೂರವಾಗಲು ಒಂದು ನೆಪವಾಗಿರಬೇಕೆಂದು ತೋರಬಹುದು. ನಡೆದದ್ದು ಬೇರೆ. ಮಳೆಯಿರಲಿ ಚಳಿಯಿರಲಿ, ಪ್ರತಿದಿನ ಸುಮಾರು ಎರಡು ಗಂಟೆಗಳ ಕಾಲ ಅವನು ಆತ್ಮನೊಡನೆ ನಡೆದಾಡುತ್ತಿದ್ದ. ಊರು ಅವನನ್ನು ಗುರುತಿಸಿದ್ದು ಆ ಜೋಡಿಯಾಗಿಯೇ. ನೆರೆಹೊರೆಯ ಮಕ್ಕಳು ನಾಯಿಗೆ ‘ಮರಿ ಷೋಪೆನ್‌ಹಾವರ್’ ಎಂದು ಅಡ್ಡಹೆಸರಿಟ್ಟಿದ್ದರಂತೆ. ಜಗತ್ತನ್ನು ಒಲ್ಲೆನೆಂದು ಪುಸ್ತಕಗಳಲ್ಲಿ ಬರೆದವನನ್ನು ಒಂದು ನಾಯಿ ದಿನಕ್ಕೊಮ್ಮೆ ಜಗತ್ತಿನ ನಡುವೆ ಕರೆದೊಯ್ದು ತರುತ್ತಿತ್ತು.

ಈ ಸ್ನೇಹ ಅವನ ವಿಚಾರವನ್ನೂ ಮುಟ್ಟಿತು. ಪ್ರಾಣಿಗಳ ವಿಷಯದಲ್ಲಿ ಮನುಷ್ಯನಿಗೆ ನೇರವಾದ ಕರ್ತವ್ಯವೇನೂ ಇಲ್ಲವೆಂಬ ಯೂರೋಪಿನ ಪಂಡಿತರ ಮಾತನ್ನು 1840ರ ಹೊತ್ತಿಗೆ ಬರೆದ ನೀತಿಶಾಸ್ತ್ರದ ಪ್ರಬಂಧದಲ್ಲಿ ಅವನು ಕಟುವಾಗಿ ಖಂಡಿಸಿದ. ನಾಯಿಯನ್ನು ಸರಪಣಿಯಲ್ಲಿ ಬಿಗಿದಿಡುವುದು ಕ್ರೌರ್ಯವೆಂದು ಬರೆದ. ಇಂದು ಈ ಮಾತುಗಳು ಸಹಜವೆನಿಸುತ್ತವೆ. ಅಂದು ಹೇಳಿದವರು ವಿರಳ.

1849ರಲ್ಲಿ, ಅವನಿಗೆ 61 ವರುಷವಾಗಿದ್ದಾಗ, ಅಂದಿನ ಆತ್ಮ ಮುಪ್ಪಿನಿಂದ ಸತ್ತಿತು. ಅದಕ್ಕೆ ಇನ್ನೂ 10 ವರುಷ ತುಂಬಿರಲಿಲ್ಲ. ರೂಪವಳಿದರೂ ಸತ್ತ್ವ ಉಳಿಯುವುದೆಂದು ಬರೆದವನು ಈಗ ಏನೆಂದ? ತನ್ನ ಪ್ರೀತಿಯ ಸುಂದರ ನಾಯಿಯನ್ನು ಕಳೆದುಕೊಂಡೆನೆಂದು, ಆ ದುಃಖ ತನ್ನನ್ನು ಒಳಗೊಳಗೇ ಬಹುಕಾಲ ಬಾಧಿಸಿತೆಂದು ಮಿತ್ರನೊಬ್ಬನಿಗೆ ಕಾಗದ ಬರೆದ. ಮುಂದೆ ಕಂದು ಬಣ್ಣದ ಇನ್ನೊಂದು ನಾಯಿ ಬಂದಿತು; ಅದೂ ಆತ್ಮನೇ. ಆದರೆ ಹೆಸರನ್ನು ಮತ್ತೆ ಕೊಡಬಹುದಾಗಿತ್ತು, ಹೋದದ್ದನ್ನು ಮರಳಿ ತರುವುದಾಗಲಿಲ್ಲ. ‘ಇನ್ನೊಂದನ್ನು ತಂದುಕೊಂಡರಾಯಿತು’ ಎನ್ನುವವರು ಗಮನಿಸಬೇಕಾದ ಸಂಗತಿ ಇದು. ಎರಡನೆಯದನ್ನು ತರುವುದು ತಪ್ಪಲ್ಲ. ಅದರಿಂದ ಮೊದಲನೆಯದರ ಲೆಕ್ಕ ತೀರಿತೆಂದುಕೊಳ್ಳುವುದು ತಪ್ಪು.

ಅವನ ಕೊನೆಯ ವರುಷಗಳ ಎರಡು ಸಂಗತಿಗಳನ್ನು ಹೇಳಲೇಬೇಕು. 1859ರಲ್ಲಿ, ಬಹುವರುಷ ವಾಸವಾಗಿದ್ದ ಮನೆಯ ಮಾಲೀಕನೊಡನೆ ನಾಯಿಯ ವಿಷಯವಾಗಿ ಜಗಳವಾಯಿತು. ಆಗ ಅವನಿಗೆ 71 ವರುಷ. ಕೀರ್ತಿಯೂ ಕೊನೆಗೆ ಒದಗಿ ಬಂದಿತ್ತು. ನಾಯಿಯನ್ನು ಬಿಡಲಿಲ್ಲ, ಮನೆಯನ್ನು ಬಿಟ್ಟು ಪಕ್ಕದ ಮನೆಗೆ ಹೋದ. ಬಾಡಿಗೆಯ ಮನೆಗಳಲ್ಲಿ ಬಾಳುವ ನಮ್ಮ ನಗರವಾಸಿಗಳಿಗೆ ಈ ಕಷ್ಟ ಅಪರಿಚಿತವೇನಲ್ಲ! ಎರಡನೆಯದು ಅವನ ಉಯಿಲು. ಆಸ್ತಿಯ ವಿಲೇವಾರಿಯನ್ನು ಬರೆದಿಟ್ಟಾಗ, ತಾನು ಸತ್ತ ಮೇಲೆ ನಾಯಿಯ ಪಾಲನೆಗೂ ಹಣವನ್ನು ಎತ್ತಿಟ್ಟಿದ್ದ.

ಒಂಟಿಗರ ನಿಜವಾದ ಚಿಂತೆ ಇದೇ ಎಂದು ನಮಗನಿಸುತ್ತದೆ. ಸಂಸಾರವಂದಿಗರು ಕಾಯಿಲೆ ಬಿದ್ದರೆ ನಾಯಿಗೆ ಅನ್ನ ಹಾಕಲು ಇನ್ನೊಬ್ಬರಿರುತ್ತಾರೆ. ಒಂಟಿಗರ ಮನೆಯ ನಾಯಿಗೆ ಜಗತ್ತಿನಲ್ಲಿರುವುದು ಒಂದೇ ಕೈ. ತನಗಾಗಿ ಯಾರೂ ಕಾಯುವವರಿಲ್ಲವೆಂದು ಲೋಕ ತಿಳಿದಿರುವ ವ್ಯಕ್ತಿಗಾಗಿ ಬಾಗಿಲ ಹಿಂದೆ ಒಂದು ಪ್ರಾಣಿ ಕಾಯುತ್ತಿರುತ್ತದೆ. ಆ ಬಾಗಿಲು ಒಂದು ದಿನ ತೆರೆಯದಿದ್ದರೆ ಗತಿಯೇನೆಂದು ಆ ವ್ಯಕ್ತಿ ಯೋಚಿಸುತ್ತಿರುತ್ತಾನೆ. ಕೊರತೆಯನ್ನು ತುಂಬಿಕೊಳ್ಳಲು ಇಟ್ಟುಕೊಂಡ ಆಟಿಕೆಯ ವಿಷಯದಲ್ಲಿ ಯಾರೂ ಹೀಗೆ ಚಿಂತಿಸುವುದಿಲ್ಲ.

ನಿಮ್ಮ ಬೀದಿಯಲ್ಲಿಯೂ ಅಂಥವರೊಬ್ಬರು ಇರಬಹುದು. ನಿವೃತ್ತರಾದ ಮಾಸ್ತರರೋ, ಮದುವೆಯಾಗದೆ ಉಳಿದ ಉದ್ಯೋಗಸ್ಥ ಮಹಿಳೆಯೋ. ಅವರಿಗೆ ನಮ್ಮ ಕನಿಕರ ಬೇಕಾಗಿಲ್ಲ. “ನೀವು ಊರಿಗೆ ಹೋದಾಗ, ಆಸ್ಪತ್ರೆಗೆ ಸೇರಿದಾಗ ನಾಯಿಯನ್ನು ನಾವು ನೋಡಿಕೊಳ್ಳುತ್ತೇವೆ” ಎಂದು ಒಂದು ಮಾತು ಹೇಳಿ, ಹೇಳಿದಂತೆ ನಡೆದರೆ ಸಾಕು. ಷೋಪೆನ್‌ಹಾವರ್ ಉಯಿಲಿನಲ್ಲಿ ಬರೆದಿಟ್ಟ ಭರವಸೆಯನ್ನು ಒಳ್ಳೆಯ ನೆರೆಯವರು ಬಾಯಿಮಾತಿನಲ್ಲಿಯೇ ಕೊಡಬಲ್ಲರು.