ಮತದಾನದ ಶಾಯಿ, ಮದುವೆಯ ಮುಖ

2024ರ ಮೇ 8. ಗದಗದಲ್ಲಿ ಲೋಕಸಭೆಗೆ ಮತದಾನ ಮುಗಿದ ಮರುದಿನ. ನಮ್ಮ ಮೆಡಿಕಲ್ ಶಾಪಿನ ಶಟರ್ ಎತ್ತಿ ಊದಿನಕಡ್ಡಿ ಹಚ್ಚುವಷ್ಟರಲ್ಲಿ ತಾಯಿ–ಮಗಳು ಬಂದು ನಿಂತರು. “ಅಣ್ಣಾರ, ಈ ಶಾಯಿ ಹೋಗೂವಂಥಾದ್ದು ಏನರ ಕೊಡ್ರಿ. ಮುಂದಿನ ವಾರ ಈಕಿದು ಮದುವಿ ಐತಿ, ಫೋಟೋದಾಗ ಕೆಟ್ಟ ಕಾಣತೈತಿ.” ನಿಂಬೆಹಣ್ಣು, ಟೂತ್‌ಪೇಸ್ಟ್, ನೇಲ್‌ಪಾಲಿಶ್ ರಿಮೂವರ್ ಎಲ್ಲದರ ಪ್ರಯೋಗ ಹಿಂದಿನ ರಾತ್ರಿಯೇ ಮುಗಿದಿತ್ತು. ಹುಡುಗಿಯ ಬೆರಳು ಉಜ್ಜಿ ಉಜ್ಜಿ ಕೆಂಪಾಗಿತ್ತು. ಶಾಯಿ ಮಾತ್ರ ಅಲ್ಲೇ ಇತ್ತು. ಜೊತೆಗೆ ಇನ್ನೊಂದು ಬೇಡಿಕೆ: “ಮುಖಕ್ಕ ಹಚ್ಚೂದೂ ಒಂದು ಕೊಡ್ರಿ. ಲಗೂನ ಬೆಳ್ಳಗ ಆಗಬೇಕು.”

ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಶ್ ಕಾರ್ಖಾನೆಯಲ್ಲಿ ತಯಾರಾಗುವ, 1962ರಿಂದ ಬಳಕೆಯಲ್ಲಿರುವ ಆ ಶಾಯಿಯಲ್ಲಿರುವುದು ಸಿಲ್ವರ್ ನೈಟ್ರೇಟ್. ಅದು ಚರ್ಮದ ಮೇಲ್ಪದರಕ್ಕೆ ಕಚ್ಚಿಕೊಂಡು ಬೆಳಕಿಗೆ ಕಪ್ಪಾಗುತ್ತದೆ. ಆ ಪದರ ತಾನಾಗಿ ಉದುರುವವರೆಗೆ ಬಿಡುವುದಿಲ್ಲ. ಬೆರಳಿನದು ಎರಡು–ಮೂರು ವಾರ. ಉಗುರಿನದು ಬೆಳೆದು ಕತ್ತರಿಸಿಕೊಳ್ಳುವವರೆಗೆ, ಅಂದರೆ ತಿಂಗಳುಗಟ್ಟಲೆ. ಒಬ್ಬನಿಗೆ ಒಂದೇ ಓಟು ಎಂಬ ಕಾವಲು ಚರ್ಮದ ಈ ನಿಧಾನವನ್ನು ನೆಚ್ಚಿಕೊಂಡಿದೆ. “ಹೆಂಗಿದ್ರೂ ಮದರಂಗಿ ಹಚ್ಚತೀರಿ, ಅದರಾಗ ಮುಚ್ಚಿ ಹೋಗತೈತಿ ಬಿಡ್ರಿ” ಎಂದೆ. ಮುಖದ ವಿಷಯ ಅಷ್ಟು ಸುಲಭವಿರಲಿಲ್ಲ.

ಮುಖದ ಚರ್ಮಕ್ಕೂ ಅದರದೇ ಪಂಚಾಂಗವಿದೆ. ಮೇಲ್ಚರ್ಮದ ತಳದಲ್ಲಿ ಹುಟ್ಟಿದ ಜೀವಕೋಶ ಮೇಲೇರುತ್ತ ಏರುತ್ತ ಚಪ್ಪಟೆಯಾಗಿ, ಸತ್ತು, ಹೆಂಚು ಹೊದಿಸಿದ ಹಾಗೆ ಮೇಲೆ ಕೂತು, ಕೊನೆಗೆ ನಮಗೆ ಗೊತ್ತಾಗದಂತೆ ಉದುರುತ್ತದೆ. ಎಳೆಯ ವಯಸ್ಸಿನಲ್ಲಿ ಇದಕ್ಕೆಲ್ಲ ಸುಮಾರು 28 ದಿನ. ವಯಸ್ಸಾದಂತೆ ಇದು ಒಂದೂವರೆ ತಿಂಗಳಿಗೂ ಹೋಗುತ್ತದೆ. ನನಗೀಗ ಐವತ್ತು ದಾಟಿದೆ. ಗಡ್ಡ ಹೆರೆಯುವಾಗ ಬಿದ್ದ ಗಾಯ ಮೊದಲಿನಷ್ಟು ಬೇಗ ಮಾಯುವುದಿಲ್ಲ. ಹಾಗಾಗಿ ಕಲೆ, ಮೊಡವೆ, ಬಂಗು ಯಾವುದಕ್ಕೇ ಮದ್ದು ಹಚ್ಚಿದರೂ ಈ ಒಂದು ಸುತ್ತು ಮುಗಿಯದೆ ಗುಣ ಹೇಳಲು ಬರುವುದಿಲ್ಲ. ರೆಟಿನಾಯ್ಡ್ ಕ್ರೀಮಿನ ಫಲ ನೋಡಲು ಚರ್ಮವೈದ್ಯರು ಸುಮಾರು 12 ವಾರ ಕಾಯಲು ಹೇಳುವುದು ಇದಕ್ಕೇ. ಮೊದಲ ಕೆಲವು ವಾರ ಸಿಪ್ಪೆ ಎದ್ದು ಉರಿಯುವುದೂ ಉಂಟು. ಅಷ್ಟಕ್ಕೇ ಹೆದರಿ ಅರ್ಧಕ್ಕೆ ಟ್ಯೂಬ್ ಎಸೆದವರನ್ನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ.

ಹಾಗಾದರೆ ನಾಲ್ಕೇ ದಿನದಲ್ಲಿ ಮುಖ ಬೆಳ್ಳಗಾಗಿಸುವ ಟ್ಯೂಬಿನಲ್ಲಿ ಏನಿದೆ? ಹೆಚ್ಚಾಗಿ ಸ್ಟೀರಾಯ್ಡ್. ಅದು ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ. ಅದನ್ನೇ ನಾವು ಕಾಂತಿ ಅನ್ನುತ್ತೇವೆ. ಹೊಸ ಕೋಶಗಳ ಹುಟ್ಟನ್ನೂ ಅದು ತಡೆಯುವುದರಿಂದ ತಿಂಗಳುಗಟ್ಟಲೆ ಹಚ್ಚಿದವರ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗುತ್ತದೆ. ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಮೂರೂ ಬೆರೆಸಿದ ಕ್ರೀಮನ್ನು ಬಂಗಿಗೆಂದು ವೈದ್ಯರು ಕೆಲವು ವಾರಕ್ಕಷ್ಟೇ ಬರೆದುಕೊಡುತ್ತಾರೆ. ನಮ್ಮ ಜನ ಅದನ್ನು ಸ್ನೋ–ಪೌಡರಿನಂತೆ ವರ್ಷಗಟ್ಟಲೆ ಬಳಿದುಕೊಳ್ಳುತ್ತಾರೆ.

ಅದನ್ನು ಮಾರಿದವರಲ್ಲಿ ನಾನೂ ಒಬ್ಬ. ಹಲವು ವರ್ಷಗಳ ಹಿಂದೆ ಒಬ್ಬ ಶಿಕ್ಷಕಿ ತಿಂಗಳಿಗೊಮ್ಮೆ ಬಂದು ಖಾಲಿ ಟ್ಯೂಬ್ ತೋರಿಸಿ “ಇದನ್ನ ಕೊಡ್ರಿ” ಅನ್ನುತ್ತಿದ್ದರು, ನಾನು ಕೊಡುತ್ತಿದ್ದೆ. ಚೀಟಿ ಕೇಳಲಿಲ್ಲ. ಒಂದು ಬೇಸಿಗೆಯಲ್ಲಿ ಸೆರಗು ಮುಚ್ಚಿಕೊಂಡು ಬಂದರು. ಕೆನ್ನೆ ಕೆಂಪಗೆ ಉರಿಯುತ್ತಿತ್ತು, ಕೆಂಪು ನರಗಳು ಎದ್ದು ಕಾಣುತ್ತಿದ್ದವು, ಮುಖದ ತುಂಬ ಸಣ್ಣ ಕೂದಲು. ಭಾರತದ ಚರ್ಮವೈದ್ಯರು ಇದಕ್ಕೆ ‘ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್’ ಎಂದೇ ಹೆಸರಿಟ್ಟಿದ್ದಾರೆ. ಕಾಯಿಲೆಗೆ ಹೆಸರು ಇಡುವಷ್ಟು ಮುಖಗಳು ನಮ್ಮಂಥ ಅಂಗಡಿಗಳ ಕೌಂಟರ್ ದಾಟಿ ಹೋಗಿವೆ ಎಂದು ಅರ್ಥ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ‘ಎಚ್’ಗೆ ಸೇರಿಸಿತು, ವೈದ್ಯರ ಚೀಟಿ ಇಲ್ಲದೆ ಕೊಡುವಂತಿಲ್ಲ. ಕಾನೂನು ಬಂತು, ಕೌಂಟರ್ ಅಭ್ಯಾಸ ಪೂರ್ತಿ ಬದಲಾಗಿಲ್ಲ. ನಾನು ಕೊಡದಿದ್ದರೆ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾನೆ ಎಂಬ ಹಳೆಯ ಸಬೂಬು ಇನ್ನೂ ಬದುಕಿದೆ. ಹೋಗಲಿ ಬಿಡಿ.

ಇದರ ಇನ್ನೊಂದು ತುದಿ ಕಾಲೇಜು ಮಕ್ಕಳದು. ಸ್ಯಾಲಿಸಿಲಿಕ್, ಗ್ಲೈಕೋಲಿಕ್, ರೆಟಿನಾಲ್ ಎಲ್ಲವನ್ನೂ ಒಂದೇ ರಾತ್ರಿ ಹಚ್ಚಿ, ಬೆಳಿಗ್ಗೆ ಕಡಲೆಹಿಟ್ಟಿನಿಂದ ತಿಕ್ಕುತ್ತಾರೆ. ಉದುರಲು ಇನ್ನೂ ಹೊತ್ತಾಗದ ಹೆಂಚನ್ನು ಕಿತ್ತರೆ ಮನೆ ಸೋರದೆ ಇರುತ್ತದೆಯೇ? ನಮ್ಮ ಕಂದು ಚರ್ಮಕ್ಕೆ ಉರಿ ಬಿದ್ದಲ್ಲೆಲ್ಲ ಕಪ್ಪು ಕಲೆ ಉಳಿಯುವ ಸ್ವಭಾವ ಬೇರೆ. ಮುಖದ ಚರ್ಮ ತುಸು ಆಮ್ಲೀಯ, ಮೈ ಸೋಪು ಕ್ಷಾರೀಯ; ಹೀಗಿರುವಾಗ ದಿನಕ್ಕೆ ನಾಲ್ಕು ಸಲ ಸೋಪು ಹಾಕಿ ತೊಳೆದು “ಮುಖ ಬಿಗೀತೈತ್ರಿ” ಎಂದು ದೂರುವವರಿಗೆ ನಾನು ಸೋಪು ಬಿಡಿಸುತ್ತೇನೆ. ಮೃದುವಾದ ಫೇಸ್‌ವಾಶ್, ಮುಖ ಹಸಿ ಇರುವಾಗಲೇ ಮಾಯಿಶ್ಚರೈಸರ್, ಹಗಲಲ್ಲಿ ಸನ್‌ಸ್ಕ್ರೀನ್. ಒಂದು ತಿಂಗಳು ಇಷ್ಟೇ ಸಾಕು. ವ್ಯಾಪಾರ ಕಡಿಮೆ, ನನ್ನ ಹೆಂಡತಿಗೆ ಇದರ ಬಗ್ಗೆ ತಕರಾರೂ ಇದೆ.

ಆ ಮದುಮಗಳಿಗೆ ಅಂದು ಕೊಟ್ಟದ್ದೂ ಇವೇ ಮೂರು. ತಾಯಿ ಮುಖ ಗಂಟುಹಾಕಿಕೊಂಡೇ ದುಡ್ಡು ಕೊಟ್ಟರು. ಜೂನ್ ಮೊದಲ ವಾರ ಹುಡುಗಿ ಗಂಡನ ಜೊತೆ ಬಂದಾಗ ಬೆರಳಿನ ಶಾಯಿ ಹೋಗಿತ್ತು, ಉಗುರಿನದು ಇನ್ನೂ ಇತ್ತು.

ಹೊಸ ಕ್ರೀಮ್ ಕೊಂಡ ದಿನ ಟ್ಯೂಬಿನ ಮೇಲೆ ಬಾಲ್‌ಪೆನ್ನಿನಿಂದ ತಾರೀಖು ಬರೆಯಿರಿ. ಏನಾದರೂ ಉರಿಯೋ ದದ್ದೋ ಕಾಣದಿದ್ದರೆ ಒಂದೂವರೆ ತಿಂಗಳು ಅದನ್ನು ಬದಲಿಸಬೇಡಿ. ಅದೇ ನಾಲ್ಕು ದಿನಕ್ಕೆ ಮುಖ ಬೆಳ್ಳಗಾದರೆ ಟ್ಯೂಬ್ ಹಿಡಿದುಕೊಂಡೇ ಚರ್ಮವೈದ್ಯರ ಹತ್ತಿರ ಹೋಗಿ. ತಿಂಗಳುಗಟ್ಟಲೆ ಹಚ್ಚಿಕೊಂಡು ಬಂದವರಂತೂ ಇದನ್ನು ಓದಿ ಇವತ್ತೇ ಬಿಟ್ಟುಬಿಡಬೇಡಿ. ಒಮ್ಮೆಲೇ ನಿಲ್ಲಿಸಿದರೆ ಮುಖ ಇನ್ನೂ ಕೆರಳುತ್ತದೆ. ಬಿಡಿಸುವುದು ಹೇಗೆಂದು ವೈದ್ಯರೇ ಹೇಳಲಿ.